ಸಾಹೇಬನ ಮುಖಾಂತರ

ಮೇಟ್ರನ್ನರಿಗೂ ಅವರ ಸೊಸೆಗೂ ಮಾತು ನಿಂತು ಬಹಳ ದಿನವಾಗಿತ್ತು. ಕಾರಣ ಕಾರು. ಸೊಸೆ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಆಸ್ಪತ್ರೆಯಲ್ಲಿ ನರ್ಸುಗಳ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾಗಿ ಮನೆಯಲ್ಲಿ ಕೂತಿದ್ದ ಅತ್ತೆಗೂ ಕಲಿಸುತ್ತೇನೆಂದು ಹೊರಟಳು. ಅತ್ತೆ ಮೊದಲ ತಿರುವಿನಲ್ಲೇ ತರಕಾರಿ ಗಾಡಿಗೆ ಗುದ್ದಿದರು. "ಇಳೀರಿ ಕೆಳಗೆ!" ಎಂದು ಸೊಸೆ ಕಿರುಚಿದ್ದು ಇಡೀ ಬೀದಿಗೆ ಕೇಳಿಸಿತು. ದೊಡ್ಡ ದೊಡ್ಡ ಡಾಕ್ಟರುಗಳನ್ನೇ ನಡುಗಿಸಿದ್ದ ಮೇಟ್ರನ್ ಟೊಮೆಟೊ ತುಳಿದುಕೊಂಡು ನಡೆದೇ ಮನೆಗೆ ಬಂದರು. ಅಂದಿನಿಂದ ಬಾಯಿಗೆ ಬೀಗ.

ಇಬ್ಬರ ನಡುವೆ ಹಣ್ಣುಗಾಯಿ ನೀರುಗಾಯಿಯಾದ ಮಗ ಒಂದು ಸಂಜೆ ಬುಟ್ಟಿಯೊಂದನ್ನು ತಂದು ಸೋಫಾದ ಮೇಲಿಟ್ಟ. ಒಳಗಿದ್ದ ಬಿಳಿ ಉಂಡೆ ಎದ್ದು ಸೀನಿತು.

"ಇದೇನೋ ಇದು? ಗಾಯ ಒರೆಸೋ ಹತ್ತಿ ಇದ್ದಂಗಿದೆ. ಮುಖ ಯಾವ ಕಡೆ?" ಎಂದರು ಮೇಟ್ರನ್.

"ನಾಯಿ ಕಣಮ್ಮ. ಇಷ್ಟೇ ಇರತ್ತೆ, ದೊಡ್ಡದಾಗಲ್ಲ. ಇಂಥದ್ದಿದ್ರೆ ಮನೇಲಿ ನೆಮ್ಮದಿ ಅಂತೆ."

ನಡಿಗೆಯಲ್ಲಿ ಕೆಲಸ ಮಾಡದೆ ಸಂಬಳ ತಿನ್ನುವವರ ದರ್ಪವಿದ್ದುದರಿಂದ ಸಾಹೇಬ ಎಂಬ ಹೆಸರು ತಾನಾಗಿ ಅಂಟಿಕೊಂಡಿತು. ಅವನು ಬಂದದ್ದೇ ತಡ, ಇಬ್ಬರಿಗೂ ಬಾಯಿ ಬಂತು. ಆದರೆ ಮಾತೆಲ್ಲ ಅವನ ಮುಖಾಂತರ.

"ಸಾಹೇಬಾ, ಕೆಲವರು ಬಾತ್‌ರೂಮಲ್ಲಿ ತಲೆಗೂದಲು ಬಿಟ್ಟು ಬರ್ತಾರೆ, ನೋಡಿದ್ಯಾ?" ಎನ್ನುವರು ಮೇಟ್ರನ್.

"ಅದು ನಾಯಿ ಕೂದಲು, ನಿನ್ನದೇ ಅಂತ ಹೇಳೋ ಸಾಹೇಬಾ. ಕನ್ನಡಕ ಹಾಕ್ಕೊಂಡು ನೋಡ್ಬೇಕಂತೆ," ಎನ್ನುವಳು ಸೊಸೆ.

ಮಾತು ಮುಗಿಯುವ ತನಕ ಅವನು ಎದ್ದು ಹೋಗಬಾರದಲ್ಲ? ಮೇಟ್ರನ್ ಬೆಂದ ಮೊಟ್ಟೆಯ ಹಳದಿಯನ್ನು ಗುಟ್ಟಾಗಿ ಹಾಕುತ್ತಿದ್ದರು. ಸೊಸೆ ಚೀಸ್ ಹಾಕುತ್ತಿದ್ದಳು. ಎರಡೂ ಕಡೆಯ ಲಂಚ ತಿಂದು ಸಾಹೇಬ ಚೆನ್ನಾಗಿ ಬೆಳೆದ, ಉದ್ದಕ್ಕಲ್ಲ, ಅಡ್ಡಕ್ಕೆ. ಒಂದು ಬೆಳಿಗ್ಗೆ ಸೋಫಾಗೆ ಹಾರಲು ಹೋಗಿ ದೊಪ್ಪನೆ ಬಿದ್ದವನು ನಾಲ್ಕೂ ಕಾಲು ಮೇಲೆ ಮಾಡಿ ಏದುಸಿರು ಬಿಡತೊಡಗಿದ. ಮೇಟ್ರನ್ ನಾಡಿ ಹುಡುಕಿದರು. ರೋಮದೊಳಗೆ ಬೆರಳು ಮುಳುಗಿತೇ ಹೊರತು ನಾಡಿ ಸಿಗಲಿಲ್ಲ.

"ಸಾಹೇಬಾ, ಕಾರು ತೆಗಿಯೋಕೆ ಹೇಳೋ!"

"ಆಗ್ಲೇ ತೆಗ್ದಾಯ್ತು ಅಂತ ಹೇಳೋ!" ಹೊರಗಿನಿಂದ ಸೊಸೆ ಕೂಗಿದಳು.

ನಾಯಿ ಡಾಕ್ಟರಮ್ಮ ಸಾಹೇಬನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ತೂಕ ಮಾಡಿ, ಇಬ್ಬರನ್ನೂ ದುರುಗುಟ್ಟಿ ನೋಡಿದಳು. "ಬೊಜ್ಜು, ಮತ್ತೇನಿಲ್ಲ. ಏನೇನು ತಿನ್ನಿಸ್ತೀರಿ?"

"ನಾನೇನೂ ಹಾಕಲ್ಲ, ಅಲ್ವೇನೋ ಸಾಹೇಬಾ? ಚೀಸ್ ಹಾಕೋರು ಬೇರೆ ಇದಾರೆ," ಎಂದರು ಮೇಟ್ರನ್.

"ಮೊಟ್ಟೆ ಕಥೇನೂ ಹೇಳೋ ಸಾಹೇಬಾ."

"ನಾನು ಕೇಳಿದ್ದು ನಿಮ್ಮನ್ನ, ನಾಯೀನಲ್ಲ!" ಡಾಕ್ಟರಮ್ಮ ರೇಗಿದಳು. "ಒಬ್ಬರಿಗೊಬ್ಬರು ಮಾತಾಡ್ಕೊಂಡು ಊಟ ಹಾಕಿ. ಹಿಂಗೇ ಆದ್ರೆ ಇವನ ಹೃದಯ ಕೈಕೊಡತ್ತೆ."

ಮೇಜಿನ ಮೇಲೆ ಮಲಗಿದ್ದ ಸಾಹೇಬನನ್ನು ಮೇಟ್ರನ್ ನೋಡಿದರು, ಗೋಡೆ ನೋಡಿದರು, ಕೊನೆಗೆ ಸೊಸೆಯ ಮುಖ ನೋಡಿದರು.

"ಏನೇ, ದಿನಕ್ಕೆಷ್ಟು ಚೀಸ್ ಹಾಕ್ತಿದ್ದೆ?"

ಸೊಸೆ ಕಕ್ಕಾಬಿಕ್ಕಿಯಾದಳು. "ನೀವು ಮೊಟ್ಟೆ ಹಾಕ್ತಿದ್ದಷ್ಟೇ, ಅತ್ತೆ."

"ನಾನು ಬರೀ ಹಳದಿ ಹಾಕ್ತಿದ್ದೆ!"

"ಕೊಬ್ಬಿರೋದೇ ಹಳದೀಲಿ. ಆಸ್ಪತ್ರೇಲಿದ್ದೋರು ನೀವು!"

"ಬೀದೀಲಿ ನನ್ನ ಮಾನ ಕಳೆದೋಳು ನೀನು!"

"ಬ್ರೇಕ್ ಅಂದ್ರೆ ಆಕ್ಸಿಲರೇಟರ್ ತುಳಿದಿದ್ದು ಯಾರು?"

ಕಟ್ಟೆ ಒಡೆಯಿತು. ಹೊರಗೆ ಸರದಿಗೆ ಕಾಯುತ್ತಿದ್ದ ಬೆಕ್ಕುಗಳು ಕುರ್ಚಿಯಡಿ ಸೇರಿದವು. ಡಾಕ್ಟರಮ್ಮ ಬಾಗಿಲು ತೋರಿಸಿದಳು. ಜಗಳ ಕಾರಿನಲ್ಲೂ ನಿಲ್ಲಲಿಲ್ಲ, ಮನೆಯ ಮೆಟ್ಟಿಲ ಮೇಲೂ ನಿಲ್ಲಲಿಲ್ಲ. ಮೇಟ್ರನ್ನರಿಗೆ ಒಳಗೊಳಗೇ ಏನೋ ಹಗುರ. ನಿವೃತ್ತಿಯಾದ ಮೇಲೆ ಇಷ್ಟು ಚೆನ್ನಾಗಿ ಎದುರು ಮಾತಾಡಿದವರು ಯಾರೂ ಸಿಕ್ಕಿರಲಿಲ್ಲ.

ಬೆಳಗಿನ ಊಟ ಅತ್ತೆಯದು, ಸಂಜೆಯದು ಸೊಸೆಯದು, ಅದೂ ಅಳತೆ ಮಾಡಿ ಎಂದು ಬೈದಾಡಿಕೊಂಡೇ ತೀರ್ಮಾನವಾಯಿತು. ಸಾಹೇಬನಿಗೆ ಲಂಚವೂ ತಪ್ಪಿತು, ಮಾತಾಡಿಸುವವರೂ ತಪ್ಪಿದರು. ಇಬ್ಬರ ಮಧ್ಯೆ ಕೂತು ಒಮ್ಮೆ ಇವರ ಮುಖ, ಒಮ್ಮೆ ಅವಳ ಮುಖ ನೋಡಿದ. ಕೊನೆಗೆ ತಡೆಯಲಾರದೆ ಬೊಗಳಿದ.

"ದೊಡ್ಡೋರು ಮಾತಾಡೋವಾಗ ನೀನ್ಯಾಕೋ ಮಧ್ಯೆ ಬಾಯಿ ಹಾಕ್ತೀಯಾ?" ಮೇಟ್ರನ್ ಗದರಿದರು.

"ನೋಡಿ ಅತ್ತೆ, ಸದರ ಜಾಸ್ತಿಯಾಯ್ತು ಇವನಿಗೆ," ಎಂದಳು ಸೊಸೆ.