ಕಾಡುಕೋಳಿಯ ಚರೆ, ಕಾಶಕ್ಕನ ಹೆಬ್ಬೆರಳು

ಸುಳ್ಳು ಹೇಳುವಾಗ ಮಂಗೇಶ ಕಿವಿ ತುರಿಸಿಕೊಳ್ಳುತ್ತಾನೆ. ಅವತ್ತು ಬೆಳಿಗ್ಗೆ ಕೇಣಿ ಊರಿನ ಕಾಶಕ್ಕನ ಜಗಲಿಯ ಮೇಲೆ ಬಾಳೆಎಲೆಯ ಕಟ್ಟೊಂದನ್ನು ಇಡುವಾಗಲೂ ತುರಿಸಿಕೊಂಡ.

"ಹಂದಿ ಓಡಸೂಕೆ ಅಂತ ಗುಂಡು ಹೊಡೆದದ್ದು ಕಾಶಕ್ಕ. ಈ ಕಾಡುಕೋಳಿ ಮಧ್ಯ ಬಂತು."

"ಹೌದಪ್ಪ, ಪಾಪ, ನಿನ್ನ ಬಂದೂಕಿಗೆ ಕಣ್ಣಿಲ್ಲ," ಎಂದಳು ಕಾಶಕ್ಕ. "ಫಾರೆಸ್ಟಿನವ್ರು ಕಂಡ್ರೆ ನಿನ್ನ ಜೊತೆ ನನ್ನನ್ನೂ ಎಳ್ಕಂಡು ಹೋಗ್ತಾರೆ. ಇನ್ನೊಂದ್ಸಲ ಇಂಥದ್ದು ತಕಂಡು ಬಾ, ಹೊಸಿಲು ಹತ್ತಸೂದಿಲ್ಲ ನೋಡು."

ಮಂಗೇಶ ಸುಂಕಸಾಳದ ಬದಿಯ ರೈತ. ಮಳೆಗಾಲಕ್ಕೆ ಅವನ ಮನೆಗೆ ಒಣಮೀನು ಹೋಗುವುದು ಅಂಕೋಲೆ ಪೇಟೆಯಲ್ಲಿ ಕೂರುವ ಕಾಶಕ್ಕನ ಬುಟ್ಟಿಯಿಂದಲೇ. ಅವಳ ಕೈಗೆ ಪೆಟ್ಟಾದದ್ದು ತಡವಾಗಿ ಗೊತ್ತಾಗಿ ನೋಡಲು ಬಂದಿದ್ದ. ಬರಿಗೈಲಿ ಬರುವುದು ಹೇಗೆಂದು ಇದನ್ನು ತಂದಿದ್ದ. ಬೈಸಿಕೊಂಡ, ಚಾ ಕುಡಿದ, "ಚರೆ ನೋಡ್ಕ ಅಕ್ಕ, ಹಲ್ಲು ಹೋದೀತು" ಎಂದು ಹೇಳಿ ಸ್ಕೂಟರ್ ಹತ್ತಿದ. ಚರೆ ಎಂದರೆ ತೋಟಾದೊಳಗಿನ ಸೀಸದ ಕಾಳುಗಳು. ಕೋಳಿಯ ಮೈಯಲ್ಲಿ ಅವು ಎಲ್ಲೆಲ್ಲಿ ಹೊಕ್ಕಿರುತ್ತವೋ ದೇವರಿಗೇ ಗೊತ್ತು.

ಇನ್ನು ಕೈಯ ಪೆಟ್ಟು. ಚೌತಿಗೆ ಮುಂಚೆ ಪೇಟೆಯಲ್ಲಿ ಕೂತು ಮೀಸೆಮೀನು ಕೊಯ್ಯುವಾಗ ಅದರ ಗರಗಸದಂಥ ಮುಳ್ಳು ಕಾಶಕ್ಕನ ಬಲ ಅಂಗೈಯನ್ನು ಹೊಕ್ಕು ಮುರಿದಿತ್ತು. ಕೀವಾಯಿತು. ಕಾರವಾರದ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಗಾಯವೇನೋ ಮಾಯಿತು, ಆದರೆ ಹೆಬ್ಬೆರಳಿಗೂ ತೋರುಬೆರಳಿಗೂ ಸ್ಪರ್ಶವೇ ಹೋಯಿತು. ಬೆರಳು ಮಡಚುತ್ತವೆ, ಹಿಡಿಯುತ್ತವೆ, ಹಿಡಿದದ್ದು ಏನೆಂಬುದು ಮಾತ್ರ ತಿಳಿಯದು. ಒಮ್ಮೆ ಕಾದ ಮುಚ್ಚಳ ಹಿಡಿದುಕೊಂಡೇ ನಿಂತಿದ್ದಳು. ಚರ್ಮ ಸುಟ್ಟ ವಾಸನೆ ಬಂದ ಮೇಲೆಯೇ ಅವಳಿಗೆ ಗೊತ್ತಾದದ್ದು. "ನರ ಮತ್ತೆ ಚಿಗುರೂಕೆ ಟೈಮ್ ಬೇಕು. ಬಂದ್ರೆ ಬಂತು" ಎಂದಿದ್ದರು ಡಾಕ್ಟರು. ಬಂದರೆ ಬಂತು ಎಂದು ನಾನೇ ಹೇಳಿಕೊಳ್ಳುತ್ತಿದ್ದೆನಲ್ಲ, ಅದಕ್ಕೆ ಇವರೇ ಬೇಕಿತ್ತೇ ಎಂದು ಕಾಶಕ್ಕ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದ್ದಳು.

ಈಳಿಗೆಯ ಮುಂದೆ ಕೂತವಳಿಗೆ ಕಣ್ಣಿಗಿಂತ ಬೆರಳು ಮುಖ್ಯ. ಬೆರಳಿಗೆ ತಿಳಿಯದಿದ್ದರೆ ಮೀನೂ ಹಾಳು, ಕೈಯೂ ಹಾಳು. ಪೇಟೆಯಲ್ಲಿ ಅವಳು ಕೂರುತ್ತಿದ್ದ ಮೂಲೆ ಅವಳ ಅತ್ತೆಯ ಕಾಲದ್ದು. ಅದೀಗ ಖಾಲಿ ಬಿದ್ದಿತ್ತು. ಪಕ್ಕದಲ್ಲಿ ಮೀನು ಮಾರುವ ಕಲಾವತಿ ಅದನ್ನು ಕೇಳಿದ್ದಳು. ಕಲಾವತಿ ಕೆಟ್ಟವಳಲ್ಲ. "ನೀ ಬರೂದಾದ್ರೆ ನಂಗೆ ಬೇಡ ಅಕ್ಕ. ಬರೂದಿಲ್ಲ ಅಂದ್ರೆ ಒಂದು ಮಾತು ಹೇಳು" ಎಂದಿದ್ದಳು. ಇವತ್ತೇ ಫೋನ್ ಮಾಡಿ ಕೊಟ್ಟೆನೆಂದು ಹೇಳಿಬಿಡುವುದು ಎಂದು ಕಾಶಕ್ಕ ನಿಶ್ಚಯಿಸಿದ್ದಳು.

ಮಗ ರೋಷನ ಬೋಟಿನ ಮೇಲೆ ಹೋಗಿದ್ದ. ಹಾಗಾಗಿ ಕೋಳಿ ಸೊಸೆ ಪೂರ್ಣಿಮಾಳ ಪಾಲಿಗೆ ಬಂತು. ಪುಕ್ಕ ಕಿತ್ತು, ತುಂಡು ಮಾಡಿ, ಅವಳು ಕಂಗಾಲಾಗಿ ಕೂತಳು.

"ಎಲ್ಲಿ ಅಂತ ಹುಡ್ಕೂದು ಅತ್ತೆ?"

ಮಂಗೇಶನ ಅಪ್ಪನ ಕಾಲದಿಂದ ಇಂಥ ಕೋಳಿ ನೋಡಿದ್ದ ಕಾಶಕ್ಕ ಮಣೆ ಎಳೆದುಕೊಂಡಳು. "ರಕ್ತ ಕಪ್ಪಾಗಿ ಹೆಪ್ಪುಗಟ್ಟಿದ ಜಾಗ ನೋಡು. ಅಲ್ಲಿ ಪುಕ್ಕದ ಎಳೆ ಒಳಗೆ ಹೋಗಿರ್ತದೆ. ಚರೆ ಹೋಗುವಾಗ ಪುಕ್ಕ ಎಳ್ಕಂಡೇ ಹೋಗೂದು. ಪುಕ್ಕದ ಬೆನ್ನು ಹತ್ತು, ಸಿಗ್ತದೆ."

ಪೂರ್ಣಿಮಾ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೆದಕಿದಳು. ಒಂದು ಚರೆ ಸ್ಟೀಲ್ ತಟ್ಟೆಗೆ ಟಣ್ಣೆಂದು ಬಿತ್ತು, ಹಿಂದೆಯೇ ಇನ್ನೊಂದು. ಹುಡುಗಿಗೆ ಹುರುಪು ಬಂತು. ಓಡಿಹೋಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಗಣಪತಿಯ ಮ್ಯಾಗ್ನೆಟ್ ತಂದು ತುಂಡುಗಳ ಮೇಲೆಲ್ಲ ಆಡಿಸಿದಳು. ಏನೂ ಬರಲಿಲ್ಲ.

"ನೋಡಿ, ಎಂತದೂ ಉಳೀಲಿಲ್ಲ!"

"ಬಲೆ ಕಟ್ಟೋ ಮನೆ ಸೊಸೆ ನೀನು! ಅಲ್ಲಿ ಬಲೆಗೆ ಸೀಸದ ಗುಂಡು ಕಟ್ಟಿದ್ದದೆ, ಅದಕ್ಕೆ ಹಚ್ಚು, ಹಿಡೀತದಾ ನೋಡ್ವಾ."

ಜಗಲಿಯ ಬಲೆಗೆ ಹಚ್ಚಿ ನೋಡಿ, ಮ್ಯಾಗ್ನೆಟ್ ಸೀಸಕ್ಕೆ ಅಂಟದ್ದು ಕಂಡು ಪೂರ್ಣಿಮಾ ನಾಲಿಗೆ ಕಚ್ಚಿಕೊಂಡಳು.

"ಹೊರಗೆ ಗುರುತಿಲ್ಲದ ಚರೆ ಬೆರಳಿಗೇ ಸಿಗ್ಬೇಕು," ಎಂದ ಕಾಶಕ್ಕ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಪೂರ್ಣಿಮಾ ತಲೆ ತಗ್ಗಿಸಿ ಒಂದೊಂದೇ ತುಂಡನ್ನು ಒತ್ತಿ ನೋಡತೊಡಗಿದಳು. ಕೈ ಸುಮ್ಮನಿರದೆ ಕಾಶಕ್ಕನೂ ಎದೆಯ ದೊಡ್ಡ ತುಂಡೊಂದನ್ನು ಎತ್ತಿಕೊಂಡು, ಮೀನಿನ ಮೇಲೆ ಆಡಿಸುವ ಅಭ್ಯಾಸದಲ್ಲಿ ಬಲ ಹೆಬ್ಬೆರಳು ಆಡಿಸಿದಳು. ಹೆಬ್ಬೆರಳು ಒಂದು ಕಡೆ ತಡೆಯಿತು.

"ಏ, ಇಲ್ಲಿ ಎಂತೋ ಅದೆ!"

ಪೂರ್ಣಿಮಾ ಅವಳ ಮುಖ ನೋಡಿದಳು, ಆಮೇಲೆ ಬೆರಳು ನೋಡಿದಳು. ಆ ಜಾಗದಲ್ಲಿ ಚಾಕುವಿನಿಂದ ಅಡ್ಡಡ್ಡ ಎರಡು ಗೀರು ಹಾಕಿ, ಪಿನ್ನಿನಿಂದ ಬಿಡಿಸಿ ನೋಡಿದಳು. ಏನೂ ಇರಲಿಲ್ಲ.

"ನರ ಇರ್ಬೇಕು ಅತ್ತೆ," ಎಂದಳು ಮೆಲ್ಲಗೆ.

ಆ ಮೆಲ್ಲಗೆ ಎಂಬುದೇ ಕಾಶಕ್ಕನಿಗೆ ಚುಚ್ಚಿತು. ರೇಗಿದ್ದರೆ ತಿರುಗಿ ರೇಗಬಹುದಿತ್ತು. ಕನಿಕರ ತೋರಿಸಿದವರ ಮೇಲೆ ಯಾವ ಬಾಯಿಂದ ಜಗಳ ಮಾಡುವುದು? "ಹಾಕು ಮಸಾಲೆ. ಊಟ ಆದ್ಮೇಲೆ ಕಲಾವತಿಗೆ ಫೋನ್ ಹಚ್ಚಿ ಕೊಡು," ಎಂದು ಹಿತ್ತಿಲಿಗೆ ಹೋದಳು. ಅಲ್ಲಿ ಯಾರೂ ಇಲ್ಲದ್ದು ನೋಡಿ ಹೆಬ್ಬೆರಳನ್ನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದಳು.

"ನೀನೂ ಸುಳ್ಳು ಹೇಳೂಕೆ ಕಲ್ತ್ಯಾ? ಮಂಗೇಶನಂಗೆ?"

ಅತ್ತದ್ದು ಯಾರಿಗೂ ಗೊತ್ತಾಗಬಾರದೆಂದು ಮುಖ ತೊಳೆದುಕೊಂಡು ಬಂದಳು.

ಮಧ್ಯಾಹ್ನ ಊಟಕ್ಕೆ ಗಂಡ ಮಾಬ್ಲೇಶ್ವರ ಬಂದ. ಕಾರವಾರದಲ್ಲಿ ಮುಂದಿನ ಹಲ್ಲೊಂದನ್ನು ಹೊಸದಾಗಿ ಹಾಕಿಸಿಕೊಂಡ ಮೇಲೆ ಅವನು ಕನ್ನಡಿಯ ಮುಂದೆ ಒಂದು ಸಲ ಹಲ್ಲು ಕಿರಿಯದೆ ಊಟಕ್ಕೆ ಕೂರುತ್ತಿರಲಿಲ್ಲ. ವಡೆ ಹರಿದು ಸಾರಿನಲ್ಲಿ ಅದ್ದಿ ತಿಂದ, ಆಹಾ ಎಂದ, ದೊಡ್ಡ ತುಂಡನ್ನೇ ಹುಡುಕಿ ಎತ್ತಿ ಕಚ್ಚಿದ. ಕಟಕ್ ಎಂದು ಸದ್ದಾಯಿತು.

"ಅಯ್ಯಯ್ಯೋ! ಹೋಯ್ತು! ನನ್ನ ಹಲ್ಲು ಹೋಯ್ತು!"

ತಟ್ಟೆಯಲ್ಲಿ ಒಂದು ಕರಿ ಚರೆ, ಅದರ ಪಕ್ಕದಲ್ಲೇ ಹೊಸ ಹಲ್ಲಿನ ಬಿಳಿ ಚೂರು. ಮಾಬ್ಲೇಶ್ವರ ಮಂಗೇಶನನ್ನು ಬೈದ, ಅವನ ಬಂದೂಕನ್ನು ಬೈದ, ಹಲ್ಲಿನ ಡಾಕ್ಟರನ್ನೂ ಬಿಡಲಿಲ್ಲ. ಕಾಶಕ್ಕನಿಗೆ ಒಂದೂ ಕೇಳಿಸಲಿಲ್ಲ. ಅವಳು ಗಂಡನ ಕೈಯಿಂದ ತುಂಡು ಕಿತ್ತುಕೊಂಡು ತಿರುಗಿಸಿ ನೋಡುತ್ತಿದ್ದಳು. ಅಡ್ಡಡ್ಡ ಎರಡು ಗೀರು. ಅವುಗಳ ತಳಕ್ಕಿಂತ ಇನ್ನೂ ಕೆಳಗೆ, ಎಲುಬಿಗೆ ತಾಗಿ, ಚರೆ ಕೂತಿದ್ದ ಕುಳಿ.

"ಪೂರ್ಣಿಮಾ, ಇದು ಅದೇ ತುಂಡಲ್ವನೇ?"

ಪೂರ್ಣಿಮಾ ಬಗ್ಗಿ ನೋಡಿದಳು. "ಅದೇ ಅತ್ತೆ! ನಾ ಇಷ್ಟು ಒಳಗೆ ಕೊಯ್ಲೇ ಇಲ್ಲ. ನಿಮ್ಮ ಬೆರಳಿಗೆ ಸಿಕ್ಕಿತ್ತು ಅತ್ತೆ, ನಂದೇ ತಪ್ಪು!"

ಕಾಶಕ್ಕ ನಗತೊಡಗಿದಳು. ನಗುತ್ತಲೇ ಕಣ್ಣಲ್ಲಿ ನೀರು ಇಳಿಯಿತು, ಸೆರಗಿನಿಂದ ಒರೆಸಿದಷ್ಟೂ ಇಳಿಯಿತು.

"ನನ್ನ ಹಲ್ಲು ಮುರೀತು, ನಿಂಗೆ ನಗೆಯಾ?"

"ಮುರೀಲಿ ಬಿಡಿ! ಇನ್ನೊಂದು ಹಾಕ್ಸಿದ್ರಾಯ್ತು. ನನ್ನ ಬೆರಳು ಸುಳ್ಳು ಹೇಳ್ಲಿಲ್ಲ!"

ಮಾಬ್ಲೇಶ್ವರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದೇ ಬೈಗುಳ ನಿಂತಿತು. ತಟ್ಟೆಯಿಂದ ಚರೆ ಎತ್ತಿ ಲುಂಗಿಗೆ ಒರೆಸಿದ.

"ಕಣ್ಣು ಮುಚ್ಚು."

ಕಾಶಕ್ಕ ಕಣ್ಣು ಮುಚ್ಚಿ ಬಲಗೈ ಚಾಚಿದಳು. ಅವನು ಅವಳ ಎರಡು ಬೆರಳ ನಡುವೆ ಚರೆ ಇಟ್ಟು ಒತ್ತಿದ. ದೂರದಲ್ಲಿ, ದಪ್ಪ ಬಟ್ಟೆಯ ಆಚೆಗೆ ಇದ್ದ ಹಾಗೆ, ಏನೋ ಗಟ್ಟಿಯಾದದ್ದು ತಾಗಿತು.

"ಅದೆ," ಎಂದಳು.

ಅವನು ತೆಗೆದ. "ಈಗ?"

"ಇಲ್ಲ."

"ಈಗ?"

"ಇಲ್ಲ, ಆಟ ಆಡ್ಸಬೇಡಿ."

"ಈಗ?"

"ಅದೆ! ಅದೆ ಮಾರಾಯ್ರೆ, ಅದೆ!"

ಮುರಿದ ಹಲ್ಲು ತೋರಿಸಿಕೊಂಡು ಮಾಬ್ಲೇಶ್ವರನೂ ನಕ್ಕ. ಪೂರ್ಣಿಮಾ ಆಗಲೇ ಫೋನ್ ಹಿಡಿದು ನಿಂತಿದ್ದಳು. ಕಾಶಕ್ಕ ಎಡಗೈಯಲ್ಲಿ ಫೋನ್ ತೆಗೆದುಕೊಂಡಳು, ಬಲಗೈಯ ಚರೆಯನ್ನು ಬಿಡಲಿಲ್ಲ.

"ಕಲಾವತೀ, ಜಾಗ ಕೊಡೂದಿಲ್ಲ ಮಾರಾಯ್ತಿ, ಬೇಜಾರ ಮಾಡ್ಕಬೇಡ. ಸದ್ಯಕ್ಕೆ ಬಂಗಡೆ ಮಾತ್ರ, ಅದೂ ಮೆಲ್ಲಕೆ ಕೊಯ್ತೆ. ಇಸ್ವಾಣದಂಥ ದೊಡ್ಡ ಮೀನು ಬಂದ್ರೆ ನೀ ಕೊಯ್ದು ಕೊಡು. ಬುಟ್ಟಿ ತಂದು ನನ್ನ ಪಕ್ಕಕ್ಕೇ ಕೂತ್ಕ, ಇಬ್ರಿಗೂ ಸಾಕಾಗ್ತದೆ... ನಗೂದಾ? ನಮ್ಮನೆಯವ್ರ ಹೊಸ ಹಲ್ಲು ಮುರೀತು, ಅದಕ್ಕೇ ನಗೂದು... ಹೆಂಗೆ ಅಂತ ಫೋನಲ್ಲಿ ಹೇಳೂಕೆ ಆಗೂದಿಲ್ಲ. ನಾಳೆ ಪೇಟೇಲಿ ಕೂತು ಹೇಳ್ತೆ."