ಕರಾಕುಲ

ಕುಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕಾತಾಯಿ ಕಸಬರಿಗೆಯನ್ನು ಅಲ್ಲೇ ಒಗೆದು ಹೊರಗೆ ಬಂದಳು. ಇಚಲಕರಂಜಿಯ ಆ ಓಣಿಯಲ್ಲಿ ಅವಳ ಬಾಯಿಗೆ ಹೆದರದವರು ಯಾರೂ ಇರಲಿಲ್ಲ.

“ಕುಲಾ ಯಾಕ ಬೇಕ್ರಿ ನಿಮಗ? ದೀಕ್ಷಾ ತಗೊಂಡು ಎರಡ ವರ್ಷ ಆತು. ಬೌದ್ಧರು ಅದೇವಿ ನಾವು. ಬರಕೋರಿ ಬೇಕಾದ್ರ!”

ಕಟ್ಟೆಯ ಮುಂದೆ ನಿಂತಿದ್ದ ದುಂಡಪ್ಪ ಸಾವ್ಕಾರ ಕಕ್ಕಾಬಿಕ್ಕಿಯಾದ. ಜಯಸಿಂಗಪುರದಲ್ಲಿ ಬೆಲ್ಲದ ವ್ಯಾಪಾರ ಮಾಡುವ ಮನುಷ್ಯ, ಈ ಓಣಿಯಲ್ಲಿ ಮಾಂಸ ಬೇಯುವ ವಾಸನೆ ಬರುತ್ತದೆಂದು ಮೂಗಿಗೆ ಟವೆಲು ಒತ್ತಿಕೊಂಡೇ ಬಂದಿದ್ದ. ಅಕ್ಕಾತಾಯಿಯ ಗಂಡ ಜ್ಞಾನು ಮಗ್ಗಗಳಿಗೆ ತೊಗಲಿನ ಪಟ್ಟಿ ಹೊಲಿಯುವವನು. ಅವನು ಕೆಲಸ ಬಿಟ್ಟು ಬಿದ್ದು ಬಿದ್ದು ನಕ್ಕ.

“ಕುಲಾ ಅಲ್ಲಲೇ, ಕರಾಕುಲ! ಈ ಕಾಲರಿಗೆ ಹಂಗಂತಾರ.”

ಅವನ ತೊಡೆಯ ಮೇಲೆ ಉದ್ದನೆಯ ಕರಿ ಕೋಟು ಇತ್ತು. ಕಾಲರಿನ ತುಂಬ ಒತ್ತೊತ್ತಾಗಿ ಸುರುಳಿ ಸುತ್ತಿದ ಕರಿ ಕೂದಲು, ಎಡಗಡೆ ಮಾತ್ರ ನುಸಿ ತಿಂದು ಬೋಳು. ದುಂಡಪ್ಪ ಅದನ್ನು ಕೊಲ್ಹಾಪುರದ ಮುದಿ ಅಧಿಕಾರಿಯೊಬ್ಬನಿಂದ ಕೊಂಡಿದ್ದ. ಬರುವ ತಿಂಗಳು ಗಡಹಿಂಗ್ಲಜದಲ್ಲಿ ಮಗಳ ನಿಶ್ಚಯ, ಅಷ್ಟರೊಳಗೆ ಆ ಬೋಳಿಗೆ ತೇಪೆ ಹಾಕಿಸಿ ಬೀಗರ ಮುಂದೆ ಹಾಕಿಕೊಳ್ಳಬೇಕಿತ್ತು.

“ವಿಲಾಯತಿ ಉಣ್ಣಿ ಐತಿ ಜ್ಞಾನೂ, ಹುಷಾರ್” ಎಂದ. “ನಾಳೆ ಮಧ್ಯಾಹ್ನ ಬರ್ತೇನಿ. ಯಾವುದು ಕೂಡಸ್ತಿ ತೋರಸು, ಬಣ್ಣಾ ಹೊಂದತೈತಿಲ್ಲೋ ನೋಡ್ತೇನಿ.”

ಜ್ಞಾನು ಹಿಗ್ಗಿ ಹೀರೇಕಾಯಿಯಾದ. ಹರೆಯದಲ್ಲಿ ಆರು ವರ್ಷ ಕೊಲ್ಹಾಪುರದಲ್ಲಿ ಇಂಥ ಕೂದಲಿನ ಟೋಪಿ ಹೊಲಿಯುವವರ ಹತ್ತಿರ ಕೈ ಪಳಗಿಸಿದವನು. ಇಡೀ ಊರಿನಲ್ಲಿ ಈ ಕೆಲಸ ಬರುವುದು ತನಗೊಬ್ಬನಿಗೇ ಎಂದು ಸಂಜೆಯವರೆಗೂ ಹೇಳಿದ್ದನ್ನೇ ಹೇಳಿದ. ರೊಟ್ಟಿ ಮುರಿಯುತ್ತ ಅವನ ಕಣ್ಣು ಹಿತ್ತಲಿನ ಕುರಿಯ ಕಡೆ ಹೋಯಿತು. ಹಿಂದಿನ ದಿನ ಈದ ಕುರಿ. ಕರಿ ಮರಿ, ಮೈತುಂಬ ಸುರುಳಿ ಕೂದಲು.

“ನಾಳೆ ಮುಂಜಾನೆ ಅದನ್ನ ಕೊಯ್ಯಬೇಕು” ಎಂದ. “ತಡಾ ಮಾಡಿದ್ರ ಸುರುಳಿ ಬಿಚ್ಚತಾವು.”

“ಯಾವುದನ್ನ?”

“ಮರೀನ. ಕರಾಕುಲ ಅಂದ್ರ ಅದ ನೋಡಲೇ. ಹುಟ್ಟಿ ಎರಡ ದಿನದೊಳಗಿನ ಮರಿ ತೊಗಲು.”

ಅಕ್ಕಾತಾಯಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಅವಳೇನು ಕುರಿ ತಿನ್ನದವಳಲ್ಲ, ಹಬ್ಬಕ್ಕೆ ಕೊಯ್ದರೆ ಮೊದಲು ಮಸಾಲೆ ಅರೆಯುವವಳು ಅವಳೇ. ಆದರೆ ಈ ಕುರಿ ಎರಡು ಸಲ ಸತ್ತ ಮರಿ ಹಾಕಿತ್ತು. ಮೂರನೆಯದನ್ನು ಅವಳೇ ಕೈಯಾರೆ ಎಳೆದು, ಮೂಗಿಗೆ ಬಾಯಿಟ್ಟು ಊದಿ ಬದುಕಿಸಿದ್ದಳು.

“ಉಣ್ಣಾಕ ಕೊಯ್ದ್ರ ಬ್ಯಾರೆ ಮಾತು. ನಿನ್ನಿ ಕಣ್ಣ ತಗದೇತಿ ಅದು! ಯಾರದೋ ಕೊರಳಿಗಿ ಸುತ್ತಾಕ ಕೊಯ್ತೀಯೇನ?”

“ಸಾವ್ಕಾರ್ಗ ಮಾತ ಕೊಟ್ಟೇನಿ.”

“ಮಾತ ನಿಂದು, ಮರಿ ನಂದು. ಮುಟ್ಟಿ ನೋಡು, ತೋರಸ್ತೇನಿ.”

ಮುಂಜಾನೆ ಜ್ಞಾನು ಕತ್ತಿ ಮಸೆಯಲು ಕೂತ. ಅವಳು ಮರಿಯನ್ನು ಉಡಿಯಲ್ಲಿ ಕಟ್ಟಿಕೊಂಡೇ ಅಡಿಗೆ ಮಾಡಿದಳು, ಕಟ್ಟಿಕೊಂಡೇ ನೀರು ತಂದಳು, ಹಾಲು ಕುಡಿಸುವಾಗಲೂ ಕುರಿಯ ಪಕ್ಕ ಕಾವಲು ಕೂತಳು. ಅವನು ಮಸೆದದ್ದೇ ಮಸೆದ, ಎದ್ದು ಬರುವ ಧೈರ್ಯ ಆಗಲಿಲ್ಲ. ಮಧ್ಯಾಹ್ನ ದುಂಡಪ್ಪ ಬಂದು ಕಟ್ಟೆಯ ತುದಿಗೆ ನಿಂತ.

“ಎಲ್ಲೈತ್ಯೋ? ತೋರಸು.”

ಜ್ಞಾನು ಬಾಯಿ ತೆರೆಯುವ ಮೊದಲೇ ಅಕ್ಕಾತಾಯಿ ಉಡಿ ಬಿಚ್ಚಿ ಮರಿಯನ್ನು ಕಟ್ಟೆಯ ಮೇಲಿದ್ದ ಕೋಟಿನ ಪಕ್ಕ ಹಿಡಿದಳು. “ನೋಡ್ರಿ. ಬಣ್ಣಾ ಹೊಂದತೈತಿಲ್ಲೋ?”

ಮರಿ ಕೊರಳು ಚಾಚಿ ಅರಚಿತು. ದುಂಡಪ್ಪನ ಟವೆಲು ಕೈಜಾರಿತು.

“ಏನಿದು?”

“ಕರಾಕುಲ. ನಿಮ್ಮ ವಿಲಾಯತಿ ಉಣ್ಣಿ. ಆ ಕಾಲರಿಗೂ ಇಂಥಾ ಮರಿಗಳದ ಜೀವಾ ಹೋಗೇತಿ. ಕೇಳ್ರಿ ಇವನ್ನ.”

ದುಂಡಪ್ಪ ಜ್ಞಾನುವನ್ನು ನೋಡಿದ. ಜ್ಞಾನು ಹೌದೆಂದು ಗೋಣು ಹಾಕಿದ. ಸಾವ್ಕಾರನ ಮುಖ ಬೆಳ್ಳಗಾಯಿತು. ಶಿವಶಿವಾ ಎಂದ, ದಾರಿಯ ಆ ಕಡೆ ಈ ಕಡೆ ನೋಡಿದ. ಇನ್ನು ಕೋಟು ಒಗೆದು ಹೋಗುತ್ತಾನೆ ಎಂದುಕೊಂಡಳು ಅಕ್ಕಾತಾಯಿ. ಅವನು ಹತ್ತಿರ ಬಂದು ದನಿ ತಗ್ಗಿಸಿದ.

“ಬೀಗರಿಗೆ ಕೋಟಿನ ಸುದ್ದಿ ಹೇಳಿಬಿಟ್ಟೇನಿ. ಒಳಗ ಒಯ್ದು ಕೊಯ್ಯೋ ಜ್ಞಾನೂ, ನಾ ನೋಡೂದಿಲ್ಲ. ಯಾರರೆ ಕೇಳಿದ್ರ ಕುರಿ ಗಿರಿ ಅನಬ್ಯಾಡ. ಕರಾಕುಲ ಅನ್ನು, ಅಷ್ಟ ಸಾಕು. ಯಾರಿಗಿ ತಿಳೀತೈತಿ?”

ಥೂ ಇವನ ಜನ್ಮಕ್ಕಿಷ್ಟು! ಅಕ್ಕಾತಾಯಿ ಮರಿಯನ್ನು ಮತ್ತೆ ಉಡಿಗೆ ಸೇರಿಸಿದಳು.

“ಸಾವ್ಕಾರ್ರ, ನಾವೂ ಹೆಸರ ಬದಲಿ ಮಾಡಿಕೊಂಡೇವ್ರಿ. ತಲಿ ಎತ್ತಿ ನಡ್ಯಾಕ ಮಾಡಿಕೊಂಡೇವಿ. ನಿಮ್ಮಂಗ ರಕ್ತಾ ಮುಚ್ಚಾಕಲ್ಲ!”

ಓಣಿಯ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. “ನಿನ್ನ ಹೆಂಡತಿ ಬಾಯಿ ಮುಚ್ಚಸೋ” ಎಂದು ದುಂಡಪ್ಪ ಜ್ಞಾನುವಿನ ಮೇಲೆ ಹಾರಿದ.

ಜ್ಞಾನು ಎದ್ದ. ಕೋಟನ್ನು ನೀಟಾಗಿ ಮಡಚಿ ಅವನ ಕೈಯಲ್ಲಿಟ್ಟ.

“ಆಕಿ ಬಾಯಿ ಸರಿ ಐತ್ರಿ. ಒಯ್ರಿ ನಿಮ್ಮ ಕೋಟು.”

ಸಾವ್ಕಾರ ಓಣಿ ದಾಟಿದ. ಆಮೇಲೆ ಜ್ಞಾನು ಹಲ್ಲುಗಿಂಜುತ್ತ ಮರಿಯ ತಲೆ ಸವರಲು ಕೈ ಚಾಚಿದ. ಅಕ್ಕಾತಾಯಿ ಆ ಕೈಯ ಮೇಲೆ ಫಟ್ಟನೆ ಹೊಡೆದಳು.

“ಮೊದಲ ಆ ಕತ್ತಿ ಒಳಗಿಟ್ಟ ಬಾ. ಮುಂಜಾನಿಂದ ಮಸದಾಂವ ನೀನ.”