ಶುದ್ಧ ಸದ್ದು

ಚೀಟಿಯ ಜೊತೆ ಬೆಳ್ಳಿಯೂ ಕಿತ್ತು ಬಂತು.

ಅವನು ಉಗುರನ್ನು ಅಲ್ಲೇ ತಡೆದು ಸೀಡಿಯನ್ನು ಕಿಟಕಿಗೆ ಹಿಡಿದ. ಪದರ ಹೋದ ಕಡೆ ಬರೀ ಪ್ಲಾಸ್ಟಿಕ್ಕು. ಅದರಾಚೆ ಎದುರುಮನೆಯ ನೀರಿನ ಟ್ಯಾಂಕು ಸ್ಪಷ್ಟವಾಗಿ ಕಾಣುತ್ತಿತ್ತು. ಕಿತ್ತ ಚೀಟಿಯ ಹಿಂದೆ ತೆಳ್ಳಗೆ ಅಂಟಿಕೊಂಡು ಹೊಳೆಯುತ್ತಿದ್ದುದು ಮಗಳು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಅಂಟು ಏನು ಮಾಡುತ್ತದೆಂದು ಗೊತ್ತಿರಬೇಕಾದವನು. ಚೀಟಿ ಒಂದು ಕಡೆ ಉಬ್ಬಿ, ಪ್ಲೇಯರಿನೊಳಗೆ ಸೀಡಿ ಗರಗರ ಅನ್ನುತ್ತಿತ್ತು. ಸುಮ್ಮನೆ ಬಿಟ್ಟಿದ್ದರೆ ತಡವರಿಸಿಯಾದರೂ ಓಡುತ್ತಿತ್ತೇನೋ.

"ಆಯ್ತಾ?" ಹಜಾರದಿಂದ ಹೆಂಡತಿ ಕೇಳಿದಳು.

"ಧೂಳು ಕೂತಿದೆ. ಒರೆಸ್ತಿದೀನಿ."

ಮಗಳು ಜ್ವರದಲ್ಲಿ ಹೋದಮೇಲೆ ಹೆಂಡತಿ ಒಂದು ಸಲವೂ ಆ ಸೀಡಿಯ ಸುದ್ದಿ ಎತ್ತಿರಲಿಲ್ಲ. ಇವತ್ತು ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಯೇ ಕೇಳಿದ್ದಳು. ಮುಖ ಫೋಟೋಗಳಲ್ಲಿ ಇದೆಯಂತೆ. ದನಿ ಮರೆಯುತ್ತಿದೆಯಂತೆ. ನೆನಪಿಸಿಕೊಳ್ಳಲು ಹೋದರೆ ಪಕ್ಕದ ಮನೆ ಹುಡುಗಿಯ ದನಿ ಬಂದುಬಿಡುತ್ತದಂತೆ.

ಕ್ಯಾಮರಾದ ಮೂಲ ಕ್ಯಾಸೆಟ್ ಇರಲಿಲ್ಲ. ಸೀಡಿಗೆ ಇಳಿಸಿದ ಮೇಲೆ ಕ್ಯಾಸೆಟ್ಟನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಅದರ ಮೇಲೇ ಮುಂದಿನ ರೈಲು. ಅವನೂ ಅವನ ಗೆಳೆಯರೂ ರೈಲು ಚಿತ್ರೀಕರಿಸುವ ಹುಚ್ಚಿನವರು. ರಜಾದಿನ ಹಳಿಯ ಪಕ್ಕ ಕ್ಯಾಮರಾ ಹಿಡಿದು ನಿಂತು, ಉಳಿದ ಸಂಜೆಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು ಸೀಡಿ ಬರ್ನ್ ಮಾಡಿ, ಅಂದವಾದ ಚೀಟಿ ಅಂಟಿಸಿ, ಒಬ್ಬರಿಗೊಬ್ಬರು ಹಂಚಿಕೊಳ್ಳುವವರು. ಮಗಳ ಮಾತು ದಾಖಲಾಗಿದ್ದುದು ಅಂಥದೊಂದು ರೈಲಿನ ಅಂಚಿನಲ್ಲಿ. ಅವಳಿಗಾಗಿ ಎಂದು ಅವನು ಕ್ಯಾಮರಾ ಎತ್ತಿದ್ದೇ ಇಲ್ಲ.

ಗಾರ್ಡು ನೆನಪಾದ. ಔಷಧಿ ಅಂಗಡಿಯವನು, ಗೆಳೆಯರ ನಡುವೆ ಮಾತ್ರ ಗಾರ್ಡು. ಅವನಿಗೊಂದು ಪ್ರತಿ ಹೋಗಿತ್ತು, ಏನೂ ಕತ್ತರಿಸದೆ, ಅವಸರದಲ್ಲಿ.

ಈ ಸೀಡಿ ಕೈಕೊಟ್ಟಿದೆ, ಒಳ್ಳೇ ಪ್ರತಿ ತರುತ್ತೇನೆಂದ. ಹೆಂಡತಿ ಆಗಲೇ ಕುರ್ಚಿಯನ್ನು ಟಿವಿಗೆ ಎದುರಾಗಿ ಹಾಕಿಕೊಂಡು ಕೂತಿದ್ದಳು. ಸೆರಗಿನಲ್ಲಿ ಒದ್ದೆ ಕೈ.

"ಬೇಗ ಬನ್ನಿ," ಎಂದಳು. ಅವಳು ಅವನಿಗೆ ಹಾಗೆ ಹೇಳಿ ಎಷ್ಟು ಕಾಲವಾಗಿತ್ತೋ.

ಗಾರ್ಡು ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀಡಿಗಳ ನಡುವೆ ಇದ್ದ.

"ಮೇಷ್ಟ್ರೇ, ಬರ್ತೀರಂತ ಗೊತ್ತಿದ್ರೆ ಗಡ್ಡನಾದ್ರೂ ಹೆರ್ಕೋತಿದ್ದೆ. ಕೂತ್ಕೊಳ್ಳಿ. ಕುರ್ಚಿ ಮೇಲೆ ಬೇಡ, ಅಲ್ಲಿ ಗೂಡ್ಸ್ ಗಾಡಿಗಳಿವೆ."

ಬಂದ ಕೆಲಸ ಹೇಳಿದ. ಹೆಂಡತಿಯ ಮಾತು ಹೇಳಲಿಲ್ಲ. ಗಾರ್ಡು ಎಂಜಿನ್ ನಂಬರ್ ಕೇಳಿದ. ನಂಬರು ತಟ್ಟನೆ ಬಾಯಿಗೆ ಬಂತು. ಮಗಳು ಅವತ್ತು ಯಾವ ಬಣ್ಣದ ಫ್ರಾಕು ಹಾಕಿದ್ದಳೆಂದು ಕೇಳಿದ್ದರೆ ಬರುತ್ತಿರಲಿಲ್ಲ.

ಹಳದಿ. ಗಾರ್ಡು ಹಾಕಿದ ಸೀಡಿಯಲ್ಲಿ, ಪರದೆಯ ಅಂಚಿನಿಂದ ಪ್ಲಾಟ್‌ಫಾರ್ಮಿಗೆ ಓಡಿಬಂದಳು. ಕ್ಯಾಮರಾ ನೋಡಿ ಬಾಯಿ ತೆರೆದಳು.

ಎಂಜಿನ್ ಕೂಗಿತು.

ಮುಚ್ಚಿ, ನಕ್ಕು, ಮತ್ತೆ ತೆರೆದಳು. ಮತ್ತೆ ಎಂಜಿನ್.

"ಜಾಯಿಂಟ್ ಗೊತ್ತಾಗುತ್ತಾ ಹೇಳಿ ನೋಡೋಣ," ಗಾರ್ಡು ಹೆಮ್ಮೆಯಿಂದ ಕೇಳಿದ. "ಮಧ್ಯೆ ಮಾತಿತ್ತು. ತೆಗೆದು, ಅದೇ ಎಂಜಿನ್ ಸದ್ದನ್ನ ಬೇರೆ ಕಡೆಯಿಂದ ತಂದು ಕೂರಿಸಿದೀನಿ. ಮಾತಿದ್ರೆ ನೀವೇ ಮುಖ ಸಿಂಡರಿಸ್ತಿದ್ರಲ್ಲ."

ನಿಯಮ ಅವನದೇ. ಹಂಚುವ ಸೀಡಿಯಲ್ಲಿ ಮನುಷ್ಯರ ದನಿ ಇರಕೂಡದು, ಎಂಜಿನ್ನಿನ ಶುದ್ಧ ಸದ್ದು ಮಾತ್ರ. ಗೆಳೆಯರೆಲ್ಲ ಒಪ್ಪುವ ತನಕ ವಾದಿಸಿದ್ದ.

ಜೋಡಣೆ ಗೊತ್ತೇ ಆಗುವುದಿಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ಮಗಳ ತುಟಿ ನೋಡಿದ.

"ನಾನು ಕೊಟ್ಟಿದ್ದ ಪ್ರತಿ?"

"ಇದು ಸರಿಹೋದ ಮೇಲೆ ಅದ್ಯಾಕೆ? ಮುರಿದು ಹಾಕ್ದೆ." ಗಾರ್ಡು ಅವನ ಮುಖ ನೋಡಿದ. ಪರದೆ ನೋಡಿದ. "ಮೇಷ್ಟ್ರೇ, ಈ ಮಗು..."

ಸೀಡಿಯನ್ನು ಕವರಿಗೆ ಹಾಕಿ ಎರಡೂ ಕೈಯಲ್ಲಿ ಕೊಟ್ಟ.

ಬೀದಿಯಲ್ಲಿ ಬಿಸಿಲು. ಗಾರ್ಡು ಅಂಗಡಿಯಲ್ಲಿರಲಿಲ್ಲ ಎನ್ನಬಹುದು. ಬಸ್ಸಿನಲ್ಲಿ ಕಳೆದುಹೋಯಿತು ಎನ್ನಬಹುದು. ಪಕ್ಕದ ಮನೆ ಹುಡುಗಿಯನ್ನು ಕರೆದು ನಾಲ್ಕು ಮಾತು ಆಡಿಸಿ ಚಿತ್ರಕ್ಕೆ ಕೂರಿಸಿದರೆ? ಹೆಂಡತಿಗೆ ಹೇಗೂ ಅದೇ ದನಿ ನೆನಪಾಗುತ್ತಿದೆ. ಯೋಚನೆಗೆ ಹೇಸಿಗೆಯಾಗಬೇಕಿತ್ತು. ಅವನು ತುಟಿಯ ಚಲನೆಗೆ ಮಾತು ಹೊಂದಿಸಲು ಎಷ್ಟು ಹೊತ್ತು ಬೇಕಾದೀತೆಂದು ಲೆಕ್ಕ ಹಾಕುತ್ತಿದ್ದ.

ಮನೆಯಲ್ಲಿ ಹೆಂಡತಿ ಅದೇ ಕುರ್ಚಿಯಲ್ಲಿದ್ದಳು. ಸೆರಗು ಒಣಗಿತ್ತು.

ಸೀಡಿ ಹಾಕುವ ಮುಂಚೆಯೇ ಟಿವಿಯ ಸದ್ದು ಪೂರ್ತಿ ಇಳಿಸಿದ. ಹಳದಿ ಫ್ರಾಕು ಓಡಿಬಂತು. ಅವಳ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು.

"ಸದ್ದು ಕೊಡಿ."

"ಇಲ್ಲ."

"ಇಲ್ಲ ಅಂದ್ರೆ?"

"ಚಿತ್ರ ಮಾತ್ರ ಉಳಿದಿದೆ."

ಅವಳು ನೋಡುತ್ತಲೇ ಇದ್ದಳು. ಅವಳು ಏನಾದರೂ ಅಂದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಟಿವಿಯ ಪಕ್ಕ ಮಂಡಿಯೂರಿ ಕೂತು ಚಿತ್ರವನ್ನು ಹಿಂದಕ್ಕೆ ಓಡಿಸಿದ. ಮಗಳು ಹಿಮ್ಮುಖವಾಗಿ ಅಂಚಿಗೆ ಸೇರಿ ಮತ್ತೆ ಹೊರಟಳು. ಅವಳು ಅವತ್ತು ಏನಂದಿದ್ದಳು? ಅವನು ಆಗ ಎಂಜಿನ್ನನ್ನು ಕೇಳಿಸಿಕೊಳ್ಳುತ್ತಿದ್ದ.

"ಏನಂದ್ಲು ಅಂತ ನಂಗೊತ್ತು," ಎಂದ. "ಅವಳ ಥರಾನೇ ಹೇಳ್ತೀನಿ. ತುಟಿಗೆ ಸರಿಯಾಗಿ. ನೀನು ಕಣ್ಣು ಮುಚ್ಚಿಕೋ."

ಗಂಟಲು ಸರಿಮಾಡಿಕೊಂಡ. ಪರದೆಯ ಮೇಲೆ ಮಗಳು ಬಾಯಿ ತೆರೆದಳು.

"ಬೇಡ," ಎಂದಳು ಹೆಂಡತಿ.